ಟೈಗರ್ ಕೊಡಿ

ಏಳೂವರೆಯಾದರೂ ಮಡಿಕೇರಿಯ ಮಂಜು
ಆಸ್ಪತ್ರೆಯ ಕಿಟಕಿಗೆ ಒರಗಿಕೊಂಡೇ ಇತ್ತು.
ಒಳಗೆ ಎ.ಸಿ. ಬೇರೆ, ಯಂತ್ರಕ್ಕೆ ಸೆಕೆಯಾಗಬಾರದಲ್ಲ.
ನಾನು ಗಾಜಿನ ಈಚೆ, ಒತ್ತಡದ ಗೆರೆ ಕಾಯುವವನು.
ಹನ್ನೊಂದು ವರ್ಷ ಇದೇ ಕುರ್ಚಿ.
ಕಲಿಯಲು ಬಂದವರ ಕೈಗಳನ್ನು
ಮುಖಕ್ಕಿಂತ ಚೆನ್ನಾಗಿ ಬಲ್ಲೆ.

ಇವತ್ತಿನ ಕೈ ಗುರುಶಾಂತನದು.
ಆಳಂದದ ಕಡೆಯ ಹುಡುಗ, ಬಿಸಿಲುಂಡ ಬೆರಳು,
ಗ್ಲೌಸಿನೊಳಗೂ ಸೆಟೆದುಕೊಂಡಿತ್ತು.
ಮೂರು ತಿಂಗಳು ಬರೀ ನೋಡಿದ್ದಾನೆ,
ಎರಡು ತಿಂಗಳು ವೈರ್ ಒರೆಸಿದ್ದಾನೆ,
ಸೀಸದ ಏಪ್ರನ್ ಹೊತ್ತು ಸೊಂಟ ಹಿಡಿದಿದೆ.
ಇವತ್ತೇ ಮೊದಲು, ಮೇಜಿನ ಈ ಬದಿ.

ಮೇಜಿನ ಮೇಲೆ ಬೊಳ್ಳಿ, ಶ್ರೀಮಂಗಲದಾಚೆಯ ತೋಟದವಳು.
ವಯಸ್ಸು, ಆಧಾರ್ ಒಂದು ಹೇಳುತ್ತದೆ, ಅವಳೊಂದು.
ಕಾಫಿ ಕೊಯ್ದು ಕೊಯ್ದು ಸಣಕಲಾದ ಮಣಿಕಟ್ಟು.
ಬಳೆ ಬಿಚ್ಚಿ ಕವರಿಗೆ ಹಾಕಿ ಹೆಸರು ಬರೆದಿದ್ದೇವೆ.

ಸೂಜಿ ಸೋಕಿದ್ದೇ ತಡ ನಾಡಿ ಅವಿತುಕೊಂಡಿತು,
ಮುಟ್ಟಿದರೆ ಮುನಿ.
ಇನ್ನೊಮ್ಮೆ. ಊಹೂಂ.
ದೇಚಮ್ಮ ಮೇಡಂ ಕೈ ಚಾಚಲಿಲ್ಲ.
'ಚುಚ್ಚಬೇಡ,' ಅಂದರು, 'ಸುಮ್ಮನೆ ಹಿಡಿದುಕೊ.
ಅವಳ ಕೈ ತಣ್ಣಗಿದೆ, ನಿನ್ನದೂ.
ಯಾರಾದರೂ ಒಬ್ಬರು ಬೆಚ್ಚಗಾಗಬೇಕಲ್ಲ.'
ಸಿಸ್ಟರ್ ಮೇಬಲ್ ಬಿಸಿನೀರಿನ ಚೀಲ ತಂದರು.
ನಾಲ್ಕು ನಿಮಿಷ ಯಾರೂ ಮಾತಾಡಲಿಲ್ಲ.

ಮೂರನೆಯದಕ್ಕೆ ರಕ್ತ ಚಿಮ್ಮಿತು, ತಾಳ ಹಿಡಿದು.
ವೈರ್ ಹೊರಟಿತು: ಮೊಣಕೈ, ತೋಳು, ಕಂಕುಳು,
ಕುತ್ತಿಗೆಯ ಬುಡದಲ್ಲೊಂದು ಕೆಟ್ಟ ತಿರುವು.
'ಉಸಿರು ಎಳೆದುಕೊಳ್ಳಿ ಅಮ್ಮಾ' ಅಂದ ಕೂಡಲೇ
ದಾರಿ ತಾನಾಗಿ ನೇರವಾಯಿತು.
ಆಗ ಗುರುಶಾಂತ, ಹುರುಪಿನಲ್ಲಿ, ಕೊಂಚ ಗಟ್ಟಿಯಾಗಿಯೇ:
'ಟೈಗರ್ ಕೊಡಿ.'

ಬೊಳ್ಳಿ ತಲೆ ಎತ್ತಿಯೇಬಿಟ್ಟಳು.
'ಎಲ್ಲಿ? ಎಲ್ಲಿಗೆ ಬಂತು?'
ಎಪ್ಪತ್ತೆರಡಿದ್ದ ಬಡಿತ ನನ್ನ ಪರದೆಯಲ್ಲಿ
ನೂರ ಹದಿನೆಂಟಕ್ಕೆ ಹಾರಿತು.
ನಗಬಾರದು. ಕಳೆದ ಡಿಸೆಂಬರಿನಲ್ಲಿ
ಅವಳ ಲೈನಿನ ಮೂರನೇ ಮನೆಯ ಹಸುವನ್ನು
ಹಾಡಹಗಲೇ ಎಳೆದುಕೊಂಡು ಹೋಗಿತ್ತು.
ಎದೆ ಮೊದಲು ಹಿಡಿದದ್ದೂ ಅವತ್ತೇ ಅಂತೆ,
ಚೀಲ ಬಿಸಾಕಿ ಗಿಡಗಳ ನಡುವೆ ಓಡುವಾಗ.
ಕೇಸ್ ಶೀಟಿನಲ್ಲಿ ನಾವು ಬರೆದುಕೊಂಡದ್ದು:
ಶ್ರಮಪಟ್ಟಾಗ ನೋವು.

ಗುರುಶಾಂತ ಆ ಸಪೂರ ಕೊಳವೆ ಎತ್ತಿ ತೋರಿಸಿದ.
'ಇದೇ ಅಮ್ಮಾ. ಹೆಸರು ಮಾತ್ರ ಹುಲಿಯದು.'
'ಮೀಸೆಯಷ್ಟೂ ಇಲ್ಲ,' ಅಂದಳು. ಮಲಗಿದಳು.
ತೊಂಬತ್ತು. ಎಂಬತ್ತನಾಲ್ಕು.

ಈಗ ಹೃದಯದ ಬಾಗಿಲು. ಅದು ಕಾಣುವುದಿಲ್ಲ,
ಕಾಣುವುದು ಪಕ್ಕೆಲುಬಿನ ನೆರಳು,
ಬೂದಿ ಬಣ್ಣದಲ್ಲಿ ತಡಕಾಡುವ ಒಂದು ಎಳೆ.
ತಿರುಗಿಸಿದ. ತುದಿ ತಿರುಗಲಿಲ್ಲ.
ಇನ್ನಷ್ಟು ತಿರುಗಿಸಿ ತಳ್ಳಿದ, ಸಟ್ಟನೆ ನುಗ್ಗಿತು.
ಬೆಟ್ಟಸಾಲಿನಂತೆ ಏರಿಳಿಯುತ್ತಿದ್ದ ನನ್ನ ಗೆರೆ
ಕೊಯ್ದ ಗದ್ದೆಯಾಯಿತು.
'ಗೆರೆ ಬಿತ್ತು!' ಕೂಗುವುದಷ್ಟೇ ನನ್ನ ಕೆಲಸ.

ಮೇಡಂ ಕೈಗಳನ್ನು ನೋಡಿದೆ.
ಎದೆಯ ಹತ್ತಿರ ಒಂದನ್ನೊಂದು ಹಿಡಿದಿದ್ದವು,
ಬಲಗೈ ಬೆರಳನ್ನು ಎಡಗೈ ಹಿಚುಕುತ್ತಿತ್ತು,
ತುಂಟ ಮಗುವನ್ನು ಜಾತ್ರೆಯಲ್ಲಿ ಹಿಡಿದ ಹಾಗೆ.
ದನಿ ಮಾತ್ರ ಏರಲಿಲ್ಲ:
'ಡೈ ಮುಟ್ಟಬೇಡ. ಎಳೆ. ಕೂದಲೆಳೆಯಷ್ಟು.'

ಎಳೆದ.
ಒಂದು ಬಡಿತ. ಎರಡು.
ಬೆಟ್ಟಗಳು ಎದ್ದು ನಿಂತವು.

ಡೈ ಹರಿದು ಕಪ್ಪಗೆ ಕವಲೊಡೆಯಿತು.
ನಡುವಿನ ಕೊಂಬೆಯಲ್ಲೊಂದು ಕಡೆ ಸಣ್ಣಗೆ, ತೀರ ಸಣ್ಣಗೆ,
ಎಳೆ ಮೆಣಸಿನ ಬಳ್ಳಿಯನ್ನು ಸಿಲ್ವರ್ ಮರಕ್ಕೆ ಬಿಗಿದು
ದಾರ ಬಿಚ್ಚಲು ಮರೆತ ಹಾಗೆ.
'ಇಲ್ಲಿ,' ಅಂದ ಗುರುಶಾಂತ, ಯಾರೂ ಕೇಳದೆಯೇ.

ರಿಜಿಸ್ಟರಿನಲ್ಲಿ ಬರೆದೆ: ಎಕ್ಸ್-ರೇ ಹದಿನೇಳು ನಿಮಿಷ.
ಮೇಡಂಗೆ ಮೂರು ಸಾಕಿತ್ತು.
ಮಿಕ್ಕ ಹದಿನಾಲ್ಕು ಬೊಳ್ಳಿ ಕೊಟ್ಟದ್ದು;
ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ.

ಬಲಗೈಗೆ ಪಟ್ಟಿ. ಬಳೆಗಳನ್ನೆಲ್ಲ ಎಡಗೈಗೆ
ಅವನೇ ತೊಡಿಸುತ್ತಿದ್ದ, ಒಂದೊಂದಾಗಿ, ತಳ್ಳದೆ.
'ಹುಲಿ ಹೊರಗೆ ಬಂತಾ?'
'ಬಂತಮ್ಮಾ.'
'ಬಾಗಿಲು ಹಾಕಿಕೊಂಡೆ ತಾನೇ?'